ಹಿಂದಿನ ರೂಮಿಗೊಂದು ಸೌಂಡ್ ಸಿಸ್ಟಮ್

ಆ ಮನೆಯ ಅಳಿಯನಿಗೆ ಎಲ್ಲರ ದನಿಯೂ ಬರುತ್ತಿತ್ತು, ತನ್ನದೊಂದು ಬಿಟ್ಟು. ಬರುತ್ತಿರಲಿಲ್ಲ ಅನ್ನುವುದಕ್ಕಿಂತ, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ ಅನ್ನುವುದು ಸರಿ. "ಮೋಟರು ಆಫ್ ಮಾಡ್ರಪ್ಪ" ಎಂದು ಅವನು ತನ್ನ ದನಿಯಲ್ಲಿ ಕೂಗಿದರೆ ಟ್ಯಾಂಕಿನ ನೀರು ತುಂಬಿ, ಉಕ್ಕಿ, ಮೆಟ್ಟಿಲಿಳಿದು ಬೀದಿ ಸುತ್ತಲು ಹೋಗುತ್ತಿತ್ತು. ಅದನ್ನೇ ಮಾವನ ದನಿಯಲ್ಲಿ, "ಪ್ರಯಾಣಿಕರ ಗಮನಕ್ಕೇ. ಟ್ಯಾಂಕು ತುಂಬಿರುತ್ತದೇ. ಸ್ವಿಚ್ಚಿನ ಬಳಿ ಇರುವವರು ಕೂಡಲೇ ಕೈ ಚಾಚತಕ್ಕದ್ದೂ" ಎಂದರೆ, ಬಾಮೈದ ನಗುತ್ತ ಓಡಿ ಹೋಗಿ ಸ್ವಿಚ್ಚು ಒತ್ತುತ್ತಿದ್ದ.

ಮಾವ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಎಂದು ಹೇಳುವ ಕೆಲಸ ಮಾಡಿ ನಿವೃತ್ತರಾದವರು. ಊರಿನ ಮುಕ್ಕಾಲು ಪಾಲು ಜನ ಅವರ ಮುಖ ಕಂಡಿರಲಿಲ್ಲ. ದನಿ ಕಿವಿಗೆ ಬಿದ್ದರೆ ಮಾತ್ರ ಕೈಲಿದ್ದ ಚಹಾ ಅಲ್ಲೇ ಬಿಟ್ಟು, ಚೀಲ ಎತ್ತಿಕೊಂಡು ಓಡುತ್ತಿದ್ದರು. ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಎಳೆದು, ಒಂದು ಗುಟುಕು ಉಸಿರು ನುಂಗಿ, ಆಮೇಲೆ ಮುಂದಿನ ಸಾಲಿಗೆ ಕಾಲಿಡುವುದು ಅವರ ಪದ್ಧತಿ. ಮನೆಯಲ್ಲೂ ಅದೇ ರಾಗ. ಸ್ನಾನ ಮುಗಿಸಿ ಬಂದರೆ, "ಸ್ನಾನದ ಮನೆ ತೆರವಾಗಿರುತ್ತದೇ." ಮಗಳು ಹುಟ್ಟಿದಾಗ ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ಹೆಣ್ಣು ಮಗು ಆಗಮಿಸಿರುತ್ತದೇ" ಎಂದು ನೆಂಟರಿಗೆ ಸುದ್ದಿ ಕೊಟ್ಟರಂತೆ.

ಮದುವೆ ಮಾತಿಗೆಂದು ಮೊದಲ ಸಲ ಆ ಮನೆಗೆ ಬಂದ ದಿನವೇ ಅಳಿಯ ಆ ದನಿಯ ಮೇಲೆ ಕಣ್ಣು ಹಾಕಿದ್ದ. ದನಿ ಕದಿಯುವುದಕ್ಕೆ ಬರೀ ಕಿವಿ ಸಾಲದು, ಕಣ್ಣೂ ಬೇಕು. ದನಿ ಹುಟ್ಟುವುದು ಗಂಟಲಿನಲ್ಲಾದರೂ ಅದರ ಜಾತಕ ಇರುವುದು ಬಾಯಲ್ಲಿ. ಮಾವ ‘ಮ’ ಅನ್ನುವ ಮುಂಚೆ ಗದ್ದವನ್ನು ಒಂದು ಎಳ್ಳಷ್ಟು ಒಳಗೆಳೆದುಕೊಳ್ಳುತ್ತಾರೆ, ‘ರ’ ಬಂದಾಗ ಎಡಗಡೆಯ ತುಟಿ ನಡುಗುತ್ತದೆ, ಇಂಥವನ್ನೆಲ್ಲ ಊಟಕ್ಕೆ ಎದುರು ಕೂತಾಗ ನೋಡಿ ನೋಡಿ ಅವನು ಬಾಯಿಪಾಠ ಮಾಡಿಕೊಂಡಿದ್ದ. ಮಾವನಿಗೆ ಅದು ಗೊತ್ತಿತ್ತು. "ಏನಯ್ಯಾ, ತಟ್ಟೆ ನೋಡ್ಕೊಂಡು ತಿನ್ನು. ಅನ್ನ ನನ್ನ ಬಾಯಲ್ಲಿಲ್ಲ" ಅನ್ನುತ್ತಿದ್ದರು.

ಆಮೇಲೆ ಆ ಗಂಟಲಿಗೇ ರೋಗ ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದುಹಾಕಿ, ಉಸಿರಾಡುವುದಕ್ಕೆ ಕತ್ತಿನ ಬುಡದಲ್ಲೊಂದು ತೂತು ಮಾಡಿ, ಅದಕ್ಕೊಂದು ನಳಿಕೆ ಇಟ್ಟು, ಜೀವ ಉಳಿಸಿ ಕಳಿಸಿದರು. ಮಾತಿನ ಬದಲಿಗೆ ಒಂದು ಬರೆಯುವ ಹಲಗೆ ಬಂತು. ಆದರೆ ಮಾವನ ಕೈ ಎಷ್ಟೋ ಕಾಲದಿಂದ ನಡುಗುತ್ತಿತ್ತು. ನೀರಿನ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುವವರು ಬಳಪ ಹಿಡಿದರೆ ಹಲಗೆಯ ಮೇಲೆ ಮೂಡುತ್ತಿದ್ದದ್ದು ಅಕ್ಷರವಲ್ಲ, ಭೂಕಂಪದ ವರದಿ. ಕತ್ತಿಗೊತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನೂ ತರಿಸಿದರು. ಮಗಳು ಅದನ್ನು ಹಿಡಿದುಕೊಂಡಳು, ಮಾವ ಒಂದೇ ಒಂದು ಸಾಲು ಹೇಳಿದರು, ಅದು ಹೊರಡಿಸಿದ ಗುಂಯ್ ಸದ್ದು ಕೇಳಿ ಯಂತ್ರವನ್ನು ಪಕ್ಕಕ್ಕೆ ತಳ್ಳಿದರು. ಸದ್ದಿಲ್ಲದೆ ತುಟಿಯಾಡಿಸಿ ಏನೋ ಅಂದರು. ಮಗಳಿಗೂ ಗೊತ್ತಾಗಲಿಲ್ಲ, ಮಗನಿಗೂ ಗೊತ್ತಾಗಲಿಲ್ಲ.

"ಇದು ನನ್ನ ದನಿಯಲ್ಲ, ಜೀರುಂಡೆದು. ಜೀರುಂಡೆಗೇ ವಾಪಸ್ ಕೊಡಿ, ಅಂತಿದಾರೆ ಮಾವ" ಎಂದ ಅಳಿಯ. ಮಾವ ಅವನತ್ತ ತಿರುಗಿ ನೋಡಿ, ಹೌದೆಂದು ತಲೆಯಾಡಿಸಿದರು.

ಅಂದಿನಿಂದ ಆ ಮನೆಯಲ್ಲಿ ಮಾವನ ಬಾಯಿಗೆ ಅಳಿಯನೇ ಕಿವಿ. ಅವನ ಹೆಂಡತಿಗೆ, ಅಂದರೆ ಮಾವನ ಮಗಳಿಗೆ, ‘ನೀರು’, ‘ಸಾಕು’, ‘ಫ್ಯಾನು’ ಇಷ್ಟು ತಿಳಿಯುತ್ತಿತ್ತು. ಅದಕ್ಕಿಂತ ಉದ್ದದ ಮಾತೆಲ್ಲ ಅಳಿಯನ ಮೂಲಕವೇ ಸಾಗಬೇಕು. ಅವನು ಪಂಡಿತನಂತೆ ಮುಖ ಮಾಡಿ, ತನ್ನ ಸಾದಾ ದನಿಯಲ್ಲಿ, "ಕಿಟಕಿ ಹಾಕು ಅಂತಾರೆ", "ಇವತ್ತು ಪೇಪರ್ ತಡ ಅಂತಾರೆ" ಎಂದು ತಿಳಿಸುತ್ತಿದ್ದ. ಸುಮ್ಮನಿದ್ದರೆ ಅವನೇಕೆ ಅವನಾಗುತ್ತಾನೆ. ಮಾವ ‘ಸಾಕು’ ಅಂದಿದ್ದನ್ನು, "ಇನ್ನೊಂದು ಕಾಫಿ ಬೇಕಂತೆ, ಜೊತೆಗೆ ಅಳಿಯಂದ್ರಿಗೂ ಒಂದಂತೆ" ಎಂದು ಹೆಂಡತಿಯ ಕಡೆಗೆ ಸಾಗಿಸಿ, ಸಿಕ್ಕಿಬಿದ್ದು, ಬೈಸಿಕೊಂಡಿದ್ದೂ ಉಂಟು. ಮಾವ ಆಗ ಸದ್ದಿಲ್ಲದೆ ಭುಜ ಕುಲುಕಿಸಿ ನಗುತ್ತಿದ್ದರು.

ಅಳಿಯನ ಉದ್ಯೋಗವೂ ಬಾಯಿಯದೇ. ಬಟ್ಟೆ ಒಗೆಯುವ ಯಂತ್ರ ಮಾರುವ ಕಂಪನಿಯೊಂದರ ದೂರು ವಿಭಾಗದಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ" ಎಂದು ದಿನವಿಡೀ ಜೇನಿನಂಥ ದನಿಯಲ್ಲಿ ಹೇಳುವುದು. ಆ ದನಿಯೂ ಅವನದಲ್ಲ, ಕಂಪನಿಯದು, ತರಬೇತಿಯಲ್ಲಿ ಕೊಟ್ಟಿದ್ದು. ಸಂಬಳ ಬೇರೆ ಮನೆ ಮಾಡುವಷ್ಟಿರಲಿಲ್ಲ. ಇದ್ದರೂ ಹೆಂಡತಿ ಬರುವಂತಿರಲಿಲ್ಲ. ಅಪ್ಪನ ಕತ್ತಿನ ನಳಿಕೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆದು ತೊಳೆದು ಹಾಕಬೇಕು, ಆ ಕೆಲಸಕ್ಕೆ ಅವಳ ಕೈಯೇ ಆಗಬೇಕು.

ಹಾಗಾಗಿ ಅವರಿಬ್ಬರೂ ಆ ಮನೆಯ ಹಿಂದಿನ ರೂಮಿನಲ್ಲಿದ್ದರು. "ಅಳಿಯ ಅಂದ್ರೆ ಏನು ಗೊತ್ತೇನೇ? ಅಳಿದುಳಿದ ಜಾಗದಲ್ಲಿ ಇರೋನು" ಎಂದು ಅವನು ಹೆಂಡತಿಗೆ ಹೇಳುತ್ತಿದ್ದ. ರೂಮು ನಿಜಕ್ಕೂ ಅಳಿದುಳಿದದ್ದೇ. ಕಿಟಕಿಯಿಲ್ಲ, ಸೂರಿನ ಹತ್ತಿರ ಅಂಗೈಯಗಲದ ಒಂದು ಗವಾಕ್ಷಿ, ಅದರಾಚೆ ಪಕ್ಕದ ಗೋದಾಮಿನ ಕುರುಡು ಗೋಡೆ. ಮಂಚ ಹಾಕಿದರೆ ಬೀರುವಿನ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಆದರೆ ಆ ರೂಮಿನ ಬಾಗಿಲಿಗೆ ಒಳಗಡೆಯಿಂದ ಚಿಲಕವಿತ್ತು. ಇಡೀ ಮನೆಯಲ್ಲಿ ಅವರಿಬ್ಬರು ಹಾಕಿಕೊಳ್ಳಬಹುದಾದ ಚಿಲಕ ಅದೊಂದೇ. ದಿನವೆಲ್ಲ ಕಂಪನಿಯ ದನಿಯಲ್ಲಿ, ಸಂಜೆ ಮಾವನ ದನಿಯಲ್ಲಿ ಮಾತಾಡಿ ಬಂದವನು, ಆ ಚಿಲಕ ಬಿದ್ದ ಮೇಲೆ ಹೆಂಡತಿಯ ಹತ್ತಿರ ಸುಮ್ಮನೆ, ಯಾರ ಹಾಗೂ ಅಲ್ಲದೆ, ನಾಲ್ಕು ಮಾತಾಡುತ್ತಿದ್ದ. ಅದನ್ನು ಕೇಳಿದವಳು ಅವಳೊಬ್ಬಳೇ.

ಮುಂದಿನ ಹಾಲ್ ಬಾಮೈದನ ಸಾಮ್ರಾಜ್ಯ. ಅವನು ಜಿಮ್ಮಿನಲ್ಲಿ ಕಸರತ್ತು ಹೇಳಿಕೊಡುವವನು. ಶನಿವಾರ ಸಂಜೆಯಾಯಿತೆಂದರೆ ಜಿಮ್ಮಿನ ಗೆಳೆಯರು, ತೋಳಿಗೆ ತೋಳು ತಾಗಿಸಿಕೊಂಡು ಬಾಗಿಲಲ್ಲಿ ಅಡ್ಡಡ್ಡ ನುಗ್ಗಿ ಬರುತ್ತಿದ್ದರು. ಕುಡಿತ, ಕುಣಿತ, ಮೊಬೈಲಿನ ಬಡಪಾಯಿ ಹಾಡು. ಹಾಡು ಸೋತಾಗ ಅಳಿಯನಿಗೆ ಕರೆ. ಅವರಲ್ಲಿ ಅವನ ಹೆಸರು ಟೇಪು ಭಾವ. ಗೆಳೆಯರ ಪೈಕಿ ಮುಂದಾಳು, ಎಲ್ಲರೂ ಡಂಬೆಲ್ಲು ಎಂದು ಕರೆಯುತ್ತಿದ್ದವನು, "ಟೇಪು ಭಾವ, ಒಂದು ಅಪ್ಪನ ಐಟಮ್ ಹಾಕಿ" ಎಂದು ಶುರು ಮಾಡುತ್ತಿದ್ದ.

ಆಪರೇಷನ್ನಿನ ನಂತರ ಅಳಿಯ ಕೆಲವು ವಾರ ಒಲ್ಲೆನೆಂದ. ಆಮೇಲೊಂದು ಶನಿವಾರ, ಮಾವ ಮಲಗಿದ್ದಾರೆ, ರೂಮಿನ ಬಾಗಿಲು ಹಾಕಿದೆ ಎಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಒಂದು ಐಟಮ್ ಹಾಕಿದ. ಮರುದಿನ ಬೆಳಿಗ್ಗೆ ಮಾವ ಅವನನ್ನು ಬೆರಳಾಡಿಸಿ ಹತ್ತಿರ ಕರೆದರು. ಬೈಸಿಕೊಳ್ಳಲು ಸಿದ್ಧನಾಗಿ ಅವನು ಹೋದ. ಮಾವನ ತುಟಿ ಹೇಳಿತು: ‘ಎರಡನೇ ಸಾಲಿಗೆ ಮುಂಚೆ ಉಸಿರು ನುಂಗಲಿಲ್ಲ ನೀನು. ನುಂಗಬೇಕು. ಇಲ್ದಿದ್ರೆ ಅದು ನಾನಲ್ಲ.’

ಅಳಿಯ ಆ ಮಾತನ್ನು ಹೆಂಡತಿಗೂ ಹೇಳಲಿಲ್ಲ. ಆಸ್ತಿ ಬರೆದುಕೊಟ್ಟರೆ ಆಗುವಂಥ ಸಂತೋಷ ಅವನಿಗಾಗಿತ್ತು.

ಹೀಗಿರುವಾಗ ಬಾಮೈದನಿಗೆ ಸೌಂಡ್ ಸಿಸ್ಟಮ್ಮಿನ ಹುಚ್ಚು ಹಿಡಿಯಿತು. "ಮೊಬೈಲಲ್ಲಿ ಕುಣಿಯೋದಂದ್ರೆ ಸೊಳ್ಳೆ ಸದ್ದಿಗೆ ಕುಣಿದ ಹಾಗೆ. ಎದೆ ನಡುಗ್ಬೇಕು ಭಾವ. ಬೇಸ್ ಇಲ್ದಿದ್ರೆ ಬೇಸರ" ಎಂದ. ಕೈಯಲ್ಲಿ ಕಾಸು ಕಡಿಮೆ, ತಲೆಯಲ್ಲಿ ಸದ್ದು ಜಾಸ್ತಿ. ದನಿಯ ವಿಷಯ ತಿಳಿದವರೆಂದು ಭಾವನನ್ನೂ ಅಂಗಡಿಗೆ ಎಳೆದುಕೊಂಡು ಹೋದ. ಡಂಬೆಲ್ಲೂ ಜೊತೆಗೆ ಬಂದ, ಹೊರುವುದಕ್ಕೆ.

ಅಂಗಡಿಯ ಒಂದು ಗೋಡೆ ಪೂರ್ತಿ ಸ್ಪೀಕರುಗಳೇ. ಆಳೆತ್ತರದ ಗೋಪುರಗಳು, ಚಕ್ರ ಹಚ್ಚಿದ ಪೆಟ್ಟಿಗೆಗಳು, ಕೆಂಪು ನೀಲಿ ದೀಪ ಮಿನುಗಿಸುತ್ತ, ಒಂದೊಂದೂ ತನ್ನ ಹಾಡನ್ನು ತಾನೇ ಹಾಡುತ್ತ, ಯಾವುದೂ ಯಾರಿಗೂ ಕೇಳದಂತಾಗಿತ್ತು. ಮಾರುವವನು ಅವರ ಕೈಗೆ ಸಿಕ್ಕುವ ಮುಂಚೆಯೇ ಅವರನ್ನು ಕೈಗೆ ತೆಗೆದುಕೊಂಡ.

"ಬನ್ನಿ ಸಾರ್, ಮನೆಗಾ, ಆಫೀಸಿಗಾ, ಫಂಕ್ಷನ್ನಿಗಾ ಸಾರ್? ಇದು ನೋಡಿ, ಸಾವಿರ ವಾಟ್ ಸಾರ್, ಸಾವಿರ."

"ಸಾವಿರ ವಾಟ್ ಅಂದ್ರೆ ನಮ್ಮನೇಲಿ ಇಸ್ತ್ರಿಪೆಟ್ಟಿಗೆ ಕಣಯ್ಯಾ" ಎಂದ ಅಳಿಯ. "ಇದರಲ್ಲಿ ಹಾಡು ಬರುತ್ತೋ, ಅಂಗಿ ಸುಕ್ಕು ಹೋಗುತ್ತೋ?"

ಮಾರುವವನು ನಕ್ಕ, ಮತ್ತೊಂದು ತೋರಿಸಿದ. "ಇದು ಡಬಲ್ ವೂಫರ್ ಸಾರ್, ಬಿಟ್ರೆ ಪಕ್ಕದ್ಮನೆಯೋರು ಖಾಲಿ ಮಾಡ್ಕೊಂಡು ಹೋಗ್ತಾರೆ ಸಾರ್."

"ಡಬಲ್ ವೂಫರ್ ಸಾರ್, ಬೆಲೆ ಕೇಳಿದ್ರೆ ಉಫ್ ಸಾರ್" ಎಂದು ಅಳಿಯ ಅವನದೇ ದನಿಯಲ್ಲಿ, ಅವನದೇ ಮೂಗಿನಲ್ಲಿ ಅಂದ. ಡಂಬೆಲ್ಲು ಗಹಗಹಿಸಿದ. ಮಾರುವವನು ಒಂದು ಕ್ಷಣ ತನ್ನ ಮೂಗು ಮುಟ್ಟಿ ನೋಡಿಕೊಂಡ.

ಬಾಮೈದನ ಕಣ್ಣು ಗೋಪುರದ ಮೇಲೆ, ಕೈ ಜೇಬಿನ ಮೇಲೆ. ಕೈಗೆಟುಕುವ ಬೆಲೆಯಲ್ಲಿ ಇದ್ದದ್ದು ಮೂಲೆಯಲ್ಲೊಂದು ಕರಿ ಪೆಟ್ಟಿಗೆ, ಮೊಣಕಾಲೆತ್ತರ, ಎರಡು ಚಕ್ರ, ಒಂದು ಮೈಕು. ಮಾರುವವನು ಅದನ್ನು ಹಾಕಿದ. ಆ ಅಂಗಡಿಯ ಎತ್ತರದ ಸೂರಿನ ಕೆಳಗೆ ಅದು ಕೆಮ್ಮಿದಂತೆ ಕೇಳಿಸಿತು.

"ಥೂ, ಡಬ್ಬ" ಎಂದ ಬಾಮೈದ.

ಅಳಿಯನಿಗೆ ಆಗ ಹುರುಪು ಬಂತು. ಯಾರೂ ತನ್ನನ್ನು ದನಿ ಬದಲಿಸು ಅನ್ನುತ್ತಿರಲಿಲ್ಲ, ಅಭಿಪ್ರಾಯ ಹೇಳು ಅನ್ನುತ್ತಿದ್ದರು. ಅವನು ತನ್ನದೇ ಸಾದಾ ದನಿಯಲ್ಲಿ, ಪಾಠ ಹೇಳುವವನ ಹಾಗೆ ಹೇಳಿದ: "ಡಬ್ಬ ಅಲ್ಲ ಕಣೋ. ಜಾಗ ಸರಿಯಿಲ್ಲ. ದೊಡ್ಡ ಜಾಗದಲ್ಲಿ ಸದ್ದು ಚೆಲ್ಲಿಹೋಗುತ್ತೆ. ಚಿಕ್ಕ ರೂಮು, ಮುಚ್ಚಿದ ಬಾಗಿಲು, ಕಿಟಕಿ ಇರಬಾರದು, ಪೆಟ್ಟಿಗೆ ಮೂಲೇಲಿರಬೇಕು. ಗೋಡೆ ಎಲ್ಲಾ ಸದ್ದನ್ನ ವಾಪಸ್ ಒದೆಯುತ್ತೆ. ಹೊರಗೆ ಬೆಕ್ಕು, ಒಳಗೆ ಹುಲಿ. ಬಾ ತೋರಿಸ್ತೀನಿ."

ಅವನೇ ಪೆಟ್ಟಿಗೆಯನ್ನು ಎಳೆದುಕೊಂಡು ಅಂಗಡಿಯ ಹಿಂದಿನ ದಾಸ್ತಾನು ಕೋಣೆಗೆ ಹೋದ. ಮೂಲೆಗೆ ಒತ್ತಿ ಇಟ್ಟ, ಬಾಗಿಲು ಹಾಕಿದ, ಹಾಡು ಹಾಕಿದ. ಕಪಾಟಿನ ಮೇಲಿನ ರಟ್ಟಿನ ಡಬ್ಬಿಗಳು ಜಾಗ ಬಿಟ್ಟು ನಡೆಯತೊಡಗಿದವು. ಬಾಮೈದ ಎದೆ ಮುಟ್ಟಿಕೊಂಡ. ಡಂಬೆಲ್ಲು, "ಗಟ್ಟಿ ಐತಲ್ಲೋ" ಎಂದು ಕೂಗಿದ್ದು ಯಾರಿಗೂ ಕೇಳಲಿಲ್ಲ.

ಹಾಡು ನಿಂತ ಮೇಲೆ ಬಾಮೈದ ಭಾವನ ಬೆನ್ನು ತಟ್ಟಿದ. "ತಲೆ ಅಂದ್ರೆ ಇದು. ಇಷ್ಟು ದಿನ ಎಲ್ಲಿಟ್ಟಿದ್ರಿ ಭಾವ?"

ಅಳಿಯ ಬೀಗಿದ. ಆ ಬೀಗ ಬಿಚ್ಚಲು ಬಾಮೈದನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಪೆಟ್ಟಿಗೆಯ ಸುತ್ತ ಎರಡು ಸುತ್ತು ಹಾಕಿ, ಏನೋ ಲೆಕ್ಕ ಹಾಕುವವನಂತೆ ಸೂರು ನೋಡಿ, ಮೆತ್ತಗೆ ಕೇಳಿದ: "ಚಿಕ್ಕ ರೂಮು, ಕಿಟಕಿ ಇರಬಾರದು. ಅಲ್ವಾ? ಭಾವ, ನಿಮ್ಮ ರೂಮಿಗೆ ಕಿಟಕಿ ಇಲ್ಲ ಅಲ್ವಾ?"

ಮಾರುವವನು, "ಪ್ಯಾಕ್ ಮಾಡ್ಲಾ ಸಾರ್?" ಎಂದ.

ದಾರಿಯುದ್ದಕ್ಕೂ ಅಳಿಯ ತಾನು ಹೇಳಿದ್ದನ್ನು ತಾನೇ ಅಲ್ಲಗಳೆದ. ಹಾಲ್‌ನಲ್ಲೂ ಚೆನ್ನಾಗಿಯೇ ಕೇಳುತ್ತದೆ, ಪರದೆ ಹಾಕಿದರಾಯಿತು, ಸೋಫಾ ಹತ್ತಿರ ಎಳೆದರಾಯಿತು. "ನೋಡೋಣ ಭಾವ, ಶನಿವಾರ ಹಾಲ್‌ನಲ್ಲೇ ಹಾಕಿ ನೋಡೋಣ" ಎಂದ ಬಾಮೈದ, ದೊಡ್ಡ ಮನಸ್ಸಿನಿಂದ. "ಆಗ್ಲಿಲ್ಲ ಅಂದ್ರೆ ಅಪ್ಪನ್ನ ಕೇಳೋಣ. ಅವರ ಮನೆ, ಅವರು ಹೇಳಿದ ಹಾಗೆ."

ಹೆಂಡತಿಗೆ ವಿಷಯ ತಿಳಿಸಿದಾಗ ಅವಳು ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಲಿಲ್ಲ.

"ನಿಮ್ಮನ್ನ ಯಾರ್ರೀ ಕೇಳಿದ್ರು, ರೂಮು ಹೇಗಿರಬೇಕು ಅಂತ?"

"ಅಂಗಡೀಲಿ ಮಾತು ಬಂತು."

"ಬಂದ ಮಾತೆಲ್ಲ ಆಡಲೇಬೇಕಾ?" ಸೀರೆಯ ಅಂಚು ಅಂಚಿಗೆ ಸೇರಿಸಿ ಜೋಡಿಸಿಟ್ಟು, ಅವಳು ಬಾಗಿಲಿನ ಚಿಲಕದ ಕಡೆ ನೋಡಿದಳು. "ಅಪ್ಪ ಬಿಟ್ಟುಕೊಡಲ್ಲ. ಅಪ್ಪನಿಗೆ ಗೊತ್ತಿದೆ ನಮಗೆ ಇನ್ನೆಲ್ಲೂ ಇಲ್ಲ ಅಂತ."

ಶನಿವಾರ ಸಂಜೆ ಹಾಲ್ ಜನರಿಂದ ತುಂಬಿತು. ಪೆಟ್ಟಿಗೆಯನ್ನು ಟಿವಿಯ ಪಕ್ಕ ಇಟ್ಟು ಹಾಡು ಹಾಕಿದರು. ಅಂಗಡಿಯಲ್ಲಿ ಹೇಗೋ ಇಲ್ಲೂ ಹಾಗೇ. ಎತ್ತರದ ಸೂರು, ಬೀದಿಗೆ ತೆರೆದ ಕಿಟಕಿ, ಸದ್ದೆಲ್ಲ ಹೊರಗಿನವರ ಪಾಲು. ದನಿ ಏರಿಸಿದರೆ ಪೆಟ್ಟಿಗೆ ಕರಕರ ಎಂದಿತು, ಇಳಿಸಿದರೆ ಕೇಳಲೇ ಇಲ್ಲ. ಎದುರುಮನೆಯವರು ಕಿಟಕಿ ಬಡಿದು ಮುಚ್ಚಿಕೊಂಡದ್ದು ಮಾತ್ರ ಚೆನ್ನಾಗಿ ಕೇಳಿಸಿತು.

"ಹಿಂದಿನ ರೂಮಿಗೆ ಎಳಿರೋ ಇದನ್ನ" ಎಂದ ಡಂಬೆಲ್ಲು. "ಟೇಪು ಭಾವನೇ ಹೇಳಿದಾರೆ, ಅಲ್ಲಿ ಹುಲಿ ಅಂತ."

ಇಬ್ಬರು ಪೆಟ್ಟಿಗೆಯ ಹಿಡಿ ಹಿಡಿದೇಬಿಟ್ಟರು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಬಂದು ನಿಂತಳು. ಹಿಂದಿನ ರೂಮಿಗೆ ದಾರಿ ಅಲ್ಲಿಂದಲೇ. "ಮೊದಲು ಅಪ್ಪನ್ನ ಕೇಳು" ಎಂದಳು ತಮ್ಮನಿಗೆ. ಕೇಳುವುದೇನೂ ಬೇಕಾಗಲಿಲ್ಲ. ಗಲಾಟೆಗೆ ಮಾವನ ರೂಮಿನ ಬಾಗಿಲು ತೆರೆಯಿತು. ಕತ್ತಿನ ತೂತಿನ ಮೇಲೆ ಬಿಳಿ ಬಟ್ಟೆಯ ಪಟ್ಟಿ, ಬಾಗಿಲ ಚೌಕಟ್ಟಿಗೆ ಒಂದು ನಡುಗುವ ಕೈ. ಬಾಮೈದ ಹಾಡು ನಿಲ್ಲಿಸಿದ.

"ಅಪ್ಪಾ, ಈ ಸೌಂಡ್ ಸಿಸ್ಟಮ್ಮು ಹಿಂದಿನ ರೂಮಲ್ಲಿ ಇಡೋಣ ಅಂತಿದೀವಿ. ಅಕ್ಕ ಭಾವ ಹಾಲ್‌ಗೆ ಬರಲಿ. ಏನಂತೀರಾ?"

ಮಾವ ಮಗನನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿ, ಅವನಿಗೆ ಕಾಣುವಂತೆ ಮುಖವನ್ನು ಬೆಳಕಿಗೆ ಕೊಟ್ಟು, ತುಟಿಯಾಡಿಸಿದರು. ನಿಧಾನವಾಗಿ, ಮೈಕಿನ ಮುಂದೆ ಕೂತ ದಿನಗಳಲ್ಲಿ ಹೇಳುತ್ತಿದ್ದ ಹಾಗೆ ಒಂದೊಂದೇ ಅಕ್ಷರ ಬಿಡಿಸಿ. ‘ಹಿಂದಿನ ರೂಮು ನನ್ನ ಮಗಳದು. ಅದನ್ನ ಯಾರೂ ಮುಟ್ಟಬಾರದು.’

ಇಷ್ಟು ಸ್ಪಷ್ಟವಾಗಿ ಅವರು ಎಂದೂ ಹೇಳಿರಲಿಲ್ಲ. ಅಳಿಯನ ಕಣ್ಣು ತುಂಬಿಬಂತು.

"ಏನಂತಾರೆ ಭಾವ? ಎಲ್ಲರಿಗೂ ಕೇಳೋ ಹಾಗೆ ಹೇಳಿ" ಎಂದು ಬಾಮೈದ ಮೈಕನ್ನು ಅವನ ಕೈಗಿತ್ತ.

ಮೈಕು ಕೈಗೆ ಬಂತು. ಎದುರಿಗೆ ಶನಿವಾರದ ಮುಖಗಳು, ಕೈಯಲ್ಲಿ ಲೋಟ, ಕಣ್ಣಲ್ಲಿ ನಿರೀಕ್ಷೆ. ದಿನಾ ಹೇಳುವ ಹಾಗೆ, "ರೂಮು ಮಗಳದಂತೆ, ಮುಟ್ಟಬಾರದಂತೆ" ಎಂದು ಸಾದಾ ದನಿಯಲ್ಲಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಾವನ ಮಾತು ಮಾವನ ದನಿಯಲ್ಲಿ ಹೊರಟರೆ ಅದಕ್ಕೊಂದು ತೂಕ ಅಂತ ಅವನಿಗನ್ನಿಸಿತು. ಆ ದನಿಗೆ ಊರೇ ಚೀಲ ಎತ್ತಿಕೊಂಡು ಓಡಿತ್ತಲ್ಲ. ಜೊತೆಗೆ, ಮೈಕು ಹಿಡಿದ ಅವನ ಬಾಯಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಅವನು ಗದ್ದ ಒಳಗೆಳೆದುಕೊಂಡ. ಮಾವ ಅನ್ನದೇ ಇದ್ದ ಎರಡು ಪದ ತಾವಾಗಿಯೇ ಮುಂದೆ ಬಂದು ನಿಂತವು.

"ಪ್ರಯಾಣಿಕರ ಗಮನಕ್ಕೇ. ಹಿಂದಿನ ರೂಮು ನನ್ನ ಮಗಳದೂ. ಅದನ್ನ ಯಾರೂ ಮುಟ್ಟಬಾರದೂ."

ಹಾಲ್ ಬಿರಿಯಿತು. ಬಿದ್ದು ಬಿದ್ದು ನಕ್ಕರು. ಯಾರೋ ಲೋಟ ಚೆಲ್ಲಿಕೊಂಡ, ಯಾರೋ ಸೋಫಾದಿಂದ ಜಾರಿದ. ಮೊಬೈಲು ಎತ್ತಿ ಹಿಡಿದಿದ್ದ ಡಂಬೆಲ್ಲು, "ಅಯ್ಯೋ ಸಾಕು, ಹೊಟ್ಟೆ ನೋವು" ಎಂದು ಮಡಚಿಕೊಂಡ. ಬಾಮೈದ ಕಣ್ಣೊರೆಸಿಕೊಳ್ಳುತ್ತ, "ಭಾವ, ಅಪ್ಪನ ಎದುರೇ ಹಾಕ್ಬಿಟ್ರಲ್ಲ" ಎಂದ.

"ತಮಾಷೆ ಅಲ್ಲ. ಮಾವ ನಿಜವಾಗ್ಲೂ ಹೇಳಿದ್ದು" ಎಂದ ಅಳಿಯ. ಮೈಕು ಇನ್ನೂ ಬಾಯ ಹತ್ತಿರವೇ ಇತ್ತು. ಅವನ ಸ್ವಂತ ದನಿ, ಸ್ವಲ್ಪ ಕೀರಲು, ಸ್ವಲ್ಪ ಒಣಗಿದ್ದು, ಮೊಟ್ಟಮೊದಲ ಸಲ ಆ ಪೆಟ್ಟಿಗೆಯಿಂದ ಹೊರಬಿತ್ತು.

ಒಂದು ಗಳಿಗೆ ನಗು ನಿಂತಿತು. ಗುಂಪಿನಲ್ಲಿ ಯಾರೋ ಕೇಳಿದರು: "ಇದು ಯಾರದು ಭಾವ? ಗೊತ್ತಾಗ್ಲಿಲ್ಲ."

ಮತ್ತೆ ನಗು. ಈ ಸಲದ್ದು ಮೊದಲಿಗಿಂತ ಜೋರು.

ಅಳಿಯ ಮಾವನ ಕಡೆ ತಿರುಗಿದ. ಇಷ್ಟು ದಿನ ಮಾವ ಈ ನಗುವನ್ನು ಬಾಗಿಲಾಚೆಯಿಂದ ಕೇಳಿದ್ದರು. ತನ್ನ ದನಿ ಇನ್ನೂ ಮನೆಯಲ್ಲಿದೆ, ಜನ ಅದನ್ನು ಕೇಳಿ ಸಂತೋಷಪಡುತ್ತಾರೆ ಅಂದುಕೊಂಡಿದ್ದರೋ ಏನೋ. ಬಾಗಿಲಾಚೆಯ ನಗು ಬೇರೆ, ಮುಖದ ಮೇಲೆ ಬೀಳುವ ನಗು ಬೇರೆ. ಅವರು ಒಂದೊಂದೇ ಮುಖವನ್ನು ನೋಡಿದರು. ಕೊನೆಗೆ ಅಳಿಯನನ್ನು. ಕತ್ತಿನ ಪಟ್ಟಿ ಒಮ್ಮೆ ಉಬ್ಬಿ ಇಳಿಯಿತು.

"ಅಪ್ಪಾ, ನೀವು ಹಾಗಂದ್ರಾ?" ಎಂದು ಮಗಳು ಕೇಳುತ್ತಿದ್ದಳು, ಆ ಗದ್ದಲದಲ್ಲಿ. ಅವರಿಗೆ ಅದು ಕೇಳಿತೋ ಇಲ್ಲವೋ. ಅಳಿಯನಿಗೊಬ್ಬನಿಗೇ ಕಾಣುವಂತೆ ತುಟಿ ಆಡಿತು: ‘ಇನ್ನು ಅದು ನಿಂದೇ. ಇಟ್ಕೋ.’

ರೂಮಿನ ಬಾಗಿಲು ಮುಚ್ಚಿಕೊಂಡಿತು.

"ಏನಂದ್ರು?" ಎಂದಳು ಹೆಂಡತಿ.

"ಏನಿಲ್ಲ" ಎಂದ ಅವನು. ಮಾವ ಹೇಳಿದ್ದು ರೂಮಿನ ಮಾತಲ್ಲ, ದನಿಯ ಮಾತು ಎಂದು ಅವನಿಗೆ ತಿಳಿದಿತ್ತು.

ಮರುದಿನ ಬೆಳಿಗ್ಗೆ ನಳಿಕೆ ತೊಳೆಯುವಾಗ ಮಗಳು ಮತ್ತೆ ಕೇಳಿದಳು. ಮಾವ ತುಟಿಗಳೆರಡನ್ನೂ ಒಳಗೆ ಮಡಚಿಕೊಂಡು ಗೋಡೆ ನೋಡಿದರು. ಹೌದೆಂದು ತಲೆಯಾಡಿಸಲಿಲ್ಲ, ಇಲ್ಲವೆಂದೂ ಆಡಿಸಲಿಲ್ಲ. ನೀರು ಬೇಕಾದರೆ ಲೋಟ ತೋರಿಸಿದರು, ಫ್ಯಾನು ಬೇಕಾದರೆ ಫ್ಯಾನು ತೋರಿಸಿದರು. ಅಳಿಯ ಎದುರು ಬಂದರೆ ಅದೂ ಇಲ್ಲ.

"ಬೇಡ ಅನ್ನೋದಾಗಿದ್ರೆ ತಲೆ ಆಡಿಸ್ತಿದ್ರು ತಾನೆ" ಎಂದ ಬಾಮೈದ. "ಅಪ್ಪನಿಗೆ ಅಭ್ಯಂತರ ಇಲ್ಲ ಅಕ್ಕ."

ಹೆಂಡತಿ ಹಿಂದಿನ ರೂಮಿಗೆ ಬಂದು ಚಿಲಕ ಹಾಕಿದಳು. ಅವನು ಅವಳ ಮುಂದೆ ಆಣೆ ಮಾಡುವುದೊಂದು ಬಾಕಿ. ಅಕ್ಷರ ಅಕ್ಷರ ಮಾವ ಹೇಳಿದ್ದೇ, ಮೊದಲಿನ ಎರಡು ಪದ ಮಾತ್ರ ತನ್ನದು ಎಂದ.

"ಅಪ್ಪ ಸಾಕು ಅಂದಾಗ ಕಾಫಿ ತರಿಸಿಕೊಂಡೋರು ನೀವು" ಎಂದಳು ಅವಳು, ಸಿಟ್ಟಿಲ್ಲದೆ. ಸಿಟ್ಟಿದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ನಿಮಗೆ ಬೇಕಾಗಿದ್ದ ಮಾತೇ ಅಪ್ಪನ ಬಾಯಲ್ಲಿ ಬಂತು. ಅದೂ ಮೈಕಲ್ಲಿ, ಅದೂ ರಾಗವಾಗಿ. ನಾನು ಏನಂತ ನಂಬಲಿ? ಯಾವುದು ಅಪ್ಪಂದು, ಯಾವುದು ನಿಮ್ಮದು ಅಂತ ನನಗೂ ತಿಳೀದಂತಾಗಿದೆ ರೀ."

"ನಿನಗೂನಾ?"

ಅವಳು ಬೀರುವಿನ ಅರ್ಧ ಬಾಗಿಲು ತೆರೆದು ಬಟ್ಟೆ ಹೊರಗೆ ತೆಗೆಯತೊಡಗಿದಳು.

ಮಂಚ ಹಾಲ್‌ಗೆ ಬಂತು.

"ನೋಡಿ, ರೂಮಿಗಿಂತ ದೊಡ್ಡದು, ಗಾಳಿ ಬೆಳಕು ಬೇರೆ" ಎಂದ ಬಾಮೈದ. ಹಿಂದಿನ ರೂಮಿನ ಗೋಡೆಗೆ ಕಪ್ಪು ಬಟ್ಟೆ ಬಂತು, ಮೂಲೆಗೆ ಪೆಟ್ಟಿಗೆ ಬಂತು. ಅಳಿಯ ಅಂಗಡಿಯಲ್ಲಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಾಗಲಿಲ್ಲ. ಹುಲಿ ಅಂದರೆ ಹುಲಿ. ಬೀದಿಯಲ್ಲಿ ಯಾರಿಗೂ ತೊಂದರೆಯಿಲ್ಲ, ಎದುರುಮನೆಯವರು ಬಂದು ಒಳ್ಳೆ ವ್ಯವಸ್ಥೆ ಎಂದು ಹೊಗಳಿ ಹೋದರು. ಶನಿವಾರ ಸಂಜೆ ಗೆಳೆಯರು ಬೂಟುಗಾಲಲ್ಲಿ ಮಂಚದ ಪಕ್ಕದಿಂದಲೇ ಹಾದು, "ಅಕ್ಕಾ ಸಾರಿ, ಅಕ್ಕಾ ಸಾರಿ" ಎನ್ನುತ್ತ ಹಿಂದಕ್ಕೆ ಹೋಗುತ್ತಿದ್ದರು. ಗಂಡ ಹೆಂಡತಿಯ ನಡುವೆ ಆ ನಾಲ್ಕು ಮಾತು ನಿಂತುಹೋಯಿತು. ಚಿಲಕವಿಲ್ಲದ ಜಾಗದಲ್ಲಿ ಅವನಿಗೆ ತನ್ನ ದನಿ ತೆಗೆಯುವುದು ಬಟ್ಟೆ ಬಿಚ್ಚಿದಂತಾಗುತ್ತಿತ್ತು.

ಅವನು ಐಟಮ್ ಹಾಕುವುದನ್ನೂ ಬಿಟ್ಟ. ಬಿಟ್ಟರೇನು, ಡಂಬೆಲ್ಲಿನ ಮೊಬೈಲಿನಲ್ಲಿ ಅದು ಇತ್ತಲ್ಲ.

ಅಂಥದೊಂದು ಶನಿವಾರ, ಹೆಂಡತಿ ಮಾವನ ಹಾಸಿಗೆಯ ಅಂಚಿನಲ್ಲಿ ಕೂತು ನಳಿಕೆ ಹಾಕುತ್ತಿದ್ದಳು. ಅಳಿಯ ಬಿಸಿನೀರಿನ ಬಟ್ಟಲು ಹಿಡಿದು ನಿಂತಿದ್ದ. ಹಿಂದಿನ ರೂಮಿನಲ್ಲಿ ಹಾಡು ನಿಂತು, ಒಂದಿಷ್ಟು ಕಿಚಿಪಿಚಿ ಕೇಳಿಸಿ, ಗೋಡೆ ಅದುರುವ ಹಾಗೆ ಆ ದನಿ ಎದ್ದಿತು.

"ಪ್ರಯಾಣಿಕರ ಗಮನಕ್ಕೇ."

ಮಾವ ಅಲ್ಲಾಡಲಿಲ್ಲ. ವಾರಗಳಿಂದ ಮಡಚಿಟ್ಟಿದ್ದ ತುಟಿ ಮಡಚಿಕೊಂಡೇ ಇತ್ತು.

"ಹಿಂದಿನ ರೂಮು ನನ್ನ ಮಗಳದೂ."

ತುಟಿ ಬಿಚ್ಚಿತು. ಗೋಡೆಯ ದನಿಯ ಜೊತೆಗೆ, ಅಕ್ಷರಕ್ಕೆ ಅಕ್ಷರ ಸೇರಿಸಿ, ಮಾವ ಹೇಳಿದರು. ಮಗಳದು ಅನ್ನುವ ಮುಂಚೆ ಗದ್ದ ಎಳ್ಳಷ್ಟು ಒಳಗೆ ಹೋಯಿತು. ‘ಅದನ್ನ ಯಾರೂ ಮುಟ್ಟಬಾರದು.’ ನಗು ಸಿಡಿಯುವ ಹೊತ್ತಿಗೆ ತುಟಿ ಮತ್ತೆ ಒಳಗೆ ಸೇರಿತ್ತು.

ಹೆಂಡತಿಯ ಮುಖ ಮಾವನ ಮುಖದಿಂದ ಗೇಣು ದೂರದಲ್ಲಿತ್ತು. ಅವಳ ಕೈ ನಳಿಕೆಯ ಮೇಲೇ ನಿಂತಿತು. ತುಟಿ ಓದಲು ಬಾರದವಳಿಗೂ ಅಷ್ಟು ಓದಲು ಬಂತು. ನಿಧಾನವಾಗಿ ಪಟ್ಟಿ ಕಟ್ಟಿ, ಗಂಟು ಸರಿಮಾಡಿ, ಗಂಡನ ಕಡೆ ತಿರುಗಿದಳು.

"ಅಪ್ಪ ಹೇಳಿದ್ದೇ" ಎಂದಳು.

"ಹೂಂ."

"ಹೋಗಿ ಹೇಳಿ ಅವನಿಗೆ."

"ಹೇಳಿದ್ನಲ್ಲೇ ಅವತ್ತೇ."

"ಇನ್ನೊಂದು ಸಲ ಹೇಳಿ. ನಿಮ್ಮ ದನೀಲಿ ಹೇಳಿ."

ಅವನು ಬಟ್ಟಲು ಕೆಳಗಿಟ್ಟು ಹೋದ. ಅವನನ್ನು ಕಂಡೊಡನೆ ಹಿಂದಿನ ರೂಮಿನಲ್ಲಿ ಚಪ್ಪಾಳೆ. ಕಪ್ಪು ಬಟ್ಟೆ ಹೊದ್ದ ಗೋಡೆ, ಬೀರು ಇದ್ದ ಜಾಗದಲ್ಲಿ ಬಾಟಲಿಗಳ ಮೇಜು, ಮೂಲೆಯಲ್ಲಿ ನೀಲಿ ದೀಪ ಮಿನುಗಿಸುತ್ತ ಪೆಟ್ಟಿಗೆ. ಬಾಗಿಲ ಹಿಂದೆ ಚಿಲಕ ಹಾಗೇ ಇತ್ತು. ಡಂಬೆಲ್ಲು ಓಡಿ ಬಂದು ಮೈಕು ಕೈಗಿಟ್ಟ. ಅಳಿಯ ಗಂಟಲು ಸರಿಮಾಡಿಕೊಂಡ. ಗದ್ದ ಮುಂದೆಯೇ ಇರಲಿ ಎಂದು ಗಟ್ಟಿಯಾಗಿ ಹಿಡಿದ.

"ಕೇಳಿ ಇಲ್ಲಿ. ಅದು ಐಟಮ್ ಅಲ್ಲ. ಮಾವ ಹೇಳಿದ್ದು ನಿಜ. ಈ ರೂಮು ನಮ್ಮದು."

ಕೀರಲು ದನಿ ನಾಲ್ಕು ಗೋಡೆಗೂ ಬಡಿದು ದೊಡ್ಡದಾಗಿ ಅವನಿಗೇ ವಾಪಸ್ ಬಂತು. ಯಾರೂ ನಗಲಿಲ್ಲ. ಅವನು ಕಾದ. ಬಾಮೈದ ಗೆಳೆಯರ ಮುಖ ನೋಡಿದ, ಗೆಳೆಯರು ಡಂಬೆಲ್ಲಿನ ಮುಖ ನೋಡಿದರು. ಡಂಬೆಲ್ಲು ತಲೆ ಓರೆ ಮಾಡಿ, ಮರುಕದಿಂದೆಂಬಂತೆ ಹೇಳಿದ:

"ಈ ಹೊಸ ದನಿ ಇನ್ನೂ ಸರಿಯಾಗಿ ಕೂತಿಲ್ಲ ಭಾವ. ಅವತ್ತೂ ಇದೇ ಮಾಡಿದ್ರಿ. ಬಿಡಿ, ಅಪ್ಪಂದೇ ಹಾಕಿ."

"ಅಪ್ಪಂದು, ಅಪ್ಪಂದು" ಎಂದು ಎಲ್ಲರೂ ನೆಲ ಕುಟ್ಟಿದರು.

ಅಲ್ಲಿಂದ ಅಡುಗೆಮನೆ ದಾಟಿ, ಹಾಲ್ ದಾಟಿ, ಮಾವನ ರೂಮಿನ ಬಾಗಿಲು ತೆರೆದೇ ಇತ್ತು. ಹೆಂಡತಿ ಅದರ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಹಿಂದೆ, ಹಾಸಿಗೆಯಲ್ಲಿ ಒರಗಿ ಕೂತಿದ್ದವರ ಮುಖ ಈ ಕಡೆಗೇ ಇತ್ತು. ತುಟಿ ಈ ದೂರದಿಂದ ಕಾಣುತ್ತಿರಲಿಲ್ಲ.

ಅಳಿಯ ಗದ್ದ ಒಳಗೆಳೆದುಕೊಂಡ. ಮೊದಲಿನ ಎರಡು ಪದ ಹೇಳದೆ ಬಿಟ್ಟ. ಒಂದು ಸಾಲು ಹೇಳಿ, ಒಂದು ಗುಟುಕು ಉಸಿರನ್ನು ಎಲ್ಲಿ ನುಂಗಬೇಕೋ ಅಲ್ಲೇ ನುಂಗಿ, ಎರಡನೇ ಸಾಲು ಹೇಳಿದ. ಅಷ್ಟು ಚೆನ್ನಾಗಿ ಅವನು ಎಂದೂ ಮಾಡಿರಲಿಲ್ಲ. ನೆಲ ನಡುಗುವಂತೆ ನಕ್ಕರು.